ಹೆಬ್ಬಾಳದಲ್ಲಿ ಸತ್ತ ಆ ಕಿತ್ತಯ್ಯ ಯಾರು?

ಹೆಬ್ಬಾಳ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ಫ್ಲೈಓವರ್. ಟ್ರಾಫಿಕ್. ಏರ್‌ಪೋರ್ಟ್‌ಗೆ ಹೊರಟು ದಾರಿಯಲ್ಲೇ ಸಿಕ್ಕಿಹಾಕಿಕೊಂಡವರ ಗೋಳು. ಸ್ವಲ್ಪ ಹಳಬರಾದರೆ ಕೆರೆ ಅಂತೀರಿ, ಕೃಷಿ ವಿಶ್ವವಿದ್ಯಾಲಯ ಅಂತೀರಿ. ಆದರೆ ಹೆಬ್ಬಾಳ ಅಂದರೆ ಯುದ್ಧ ಅಂತ ಯಾರಿಗಾದರೂ ನೆನಪಾಗುತ್ತಾ? ಇಲ್ಲ. ಆದರೂ ಒಂದು ಕಾಲದಲ್ಲಿ ಈ ಊರಿಗೋಸ್ಕರ ಒಬ್ಬ ಮನುಷ್ಯ ಪ್ರಾಣ ಕೊಟ್ಟ. ಅವನ ಹೆಸರು ಕಿತ್ತಯ್ಯ. ಅವನು ಸತ್ತು ಸುಮಾರು 1,270 ವರ್ಷ ಆಯ್ತು. ಅವನ ಹೆಸರು ನಮಗೆ ಇವತ್ತಿಗೂ ಗೊತ್ತಿದೆ.

ಹೇಗೆ ಗೊತ್ತಾಯ್ತು? 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಒಂದು ಕಲ್ಲು ಸಿಕ್ತು. ನಮ್ಮ ಬೆಂಗಳೂರಿನಲ್ಲಿ ನೆಲ ಅಗೆಯುವುದು ಸುದ್ದಿಯೇ ಅಲ್ಲ ಬಿಡಿ. ಒಂದು ಇಲಾಖೆ ಅಗೆದು ಮುಚ್ಚಿದರೆ, ಇನ್ನೊಂದು ಇಲಾಖೆ ಮಾರನೇ ದಿನ ಅಗೆಯುತ್ತೆ. ಆದರೆ ಅವತ್ತು ಮಣ್ಣಿನಿಂದ ಎದ್ದ ಕಲ್ಲಿನ ಮೇಲೆ ಒಬ್ಬ ಯೋಧನ ಚಿತ್ರ ಇತ್ತು. ಅದರ ಜೊತೆಗೆ ಅಕ್ಷರ ಇತ್ತು. ಹಳೆಗನ್ನಡದ ಅಕ್ಷರ. ಓದಿದ ತಜ್ಞರು ಅದನ್ನು ಸುಮಾರು ಕ್ರಿ.ಶ. 750ರ ಕಾಲದ್ದು ಅಂತ ಗುರುತಿಸಿದರು. ತಲಕಾಡಿನ ಗಂಗರ ದೊರೆ ಶ್ರೀಪುರುಷನ ಕಾಲ. ಬೆಂಗಳೂರಿನಲ್ಲಿ ಇದುವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲೇ ಇದು ಅತ್ಯಂತ ಹಳೆಯದು ಅಂತ ಲೆಕ್ಕ. ಒಂದು ಅಂದಾಜಿಗೆ ಹೇಳ್ತೀನಿ ಕೇಳಿ. ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ. ಅದಕ್ಕಿಂತ ಹೆಚ್ಚುಕಡಿಮೆ 800 ವರ್ಷ ಮುಂಚೆ ಹೆಬ್ಬಾಳ ಇತ್ತು, ಅಲ್ಲಿ ಜನ ಇದ್ದರು, ಆ ಜನ ಕನ್ನಡ ಬರೀತಿದ್ದರು.

ಆ ಕಲ್ಲಿನಲ್ಲಿ ಹೆಬ್ಬಾಳದ ಹೆಸರೂ ಇದೆ. ಆದರೆ ಬೇರೆ ರೂಪದಲ್ಲಿ: ಪೆರ್ಬೊಳಲ್. ‘ಪೆರ್’ ಅಂದರೆ ದೊಡ್ಡದು, ‘ಪೊಳಲ್’ ಅಂದರೆ ಪಟ್ಟಣ. ಹಳೆಗನ್ನಡದ ‘ಪ’ ಮುಂದೆ ‘ಹ’ ಆಯ್ತು ಅನ್ನೋದನ್ನ ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೀವಿ. ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು. ಹಾಗೇ ಪೆರ್ಬೊಳಲ್ ಹೆಬ್ಬಾಳ ಆಯ್ತು. ದೊಡ್ಡ ಪಟ್ಟಣ! ಅದು ಬರೀ ಒಂದು ಊರಲ್ಲ, ‘ಪೆರ್ಬೊಳಲ್ನಾಡು ಮೂವತ್ತು’ ಅನ್ನೋ ಆಡಳಿತ ವಿಭಾಗದ ಕೇಂದ್ರ. ಆ ನಾಡಿನ ಮೇಲೆ ರಟ್ಟವಾಡಿಯವರು, ಅಂದರೆ ರಾಷ್ಟ್ರಕೂಟರ ಕಡೆಯವರು, ದಾಳಿ ಮಾಡಿದರು. ಆ ಹೋರಾಟದಲ್ಲಿ ಕಿತ್ತಯ್ಯ ಸತ್ತ. ಊರಿನವರು ಅವನಿಗೆ ಕಲ್ಲು ನಿಲ್ಲಿಸಿದರು. ಇಷ್ಟೇ ಕಥೆ.

ಇಷ್ಟೇನಾ ಅಂತೀರಾ? ಸ್ವಲ್ಪ ಯೋಚನೆ ಮಾಡಿ. ಕಿತ್ತಯ್ಯ ರಾಜ ಅಲ್ಲ. ಚಕ್ರವರ್ತಿ ಅಲ್ಲ. ಅವನ ಬಗ್ಗೆ ಯಾವ ಕಾವ್ಯವೂ ಇಲ್ಲ. ಅವತ್ತಿನ ದೊಡ್ಡ ದೊಡ್ಡ ದಂಡನಾಯಕರ ಹೆಸರುಗಳು ಮಣ್ಣಾಗಿ ಹೋಗಿವೆ. ಉಳಿದಿರೋದು ಈ ಊರಿನ ಒಬ್ಬ ಮನುಷ್ಯನ ಹೆಸರು. ಯಾಕೆ ಉಳೀತು? ಅವನ ಜೊತೆಗಿದ್ದವರು ಅವನನ್ನು ಮರೆಯಬಾರದು ಅಂತ ತೀರ್ಮಾನ ಮಾಡಿದರು. ಅದಕ್ಕೆ.

ಇದನ್ನೇ ನಾವು ವೀರಗಲ್ಲು ಅಂತ ಕರೀತೀವಿ. ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಇವೆ. ಕೆರೆ ಏರಿ ಮೇಲೆ, ಊರ ಬಾಗಿಲಲ್ಲಿ, ದೇವಸ್ಥಾನದ ಅಂಗಳದಲ್ಲಿ, ಹೊಲದ ಬದುವಿನಲ್ಲಿ. ನೀವೂ ನೋಡಿರ್ತೀರಿ, ಏನು ಅಂತ ಗೊತ್ತಿಲ್ಲದೆ ದಾಟಿ ಹೋಗಿರ್ತೀರಿ. ಇದನ್ನು ಓದೋದು ಕಷ್ಟ ಅಲ್ಲ. ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತೆ. ಕೆಳಗಡೆ ಹೋರಾಟ: ಬಿಲ್ಲು, ಕತ್ತಿ, ಕುದುರೆ, ಕೆಲವು ಕಡೆ ಹಸುಗಳ ಹಿಂಡು. ನಡುವಿನಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಕರೆದುಕೊಂಡು ಹೋಗ್ತಿರ್ತಾರೆ. ಮೇಲ್ಗಡೆ ಅವನು ದೇವರ ಸನ್ನಿಧಿಯಲ್ಲಿ ಕೂತಿರ್ತಾನೆ. ಶಿವಭಕ್ತನಾದರೆ ಲಿಂಗ, ಜೈನನಾದರೆ ಜಿನ. ಎಲ್ಲಕ್ಕಿಂತ ಮೇಲೆ ಸೂರ್ಯ ಮತ್ತು ಚಂದ್ರ. ಸೂರ್ಯಚಂದ್ರರು ಇರೋವರೆಗೆ ಈ ಹೆಸರು ಇರಲಿ ಅಂತ ಅರ್ಥ. ಗಂಗರ ಕಾಲದ ಹಳೆಯ ಕಲ್ಲುಗಳಲ್ಲಿ ಇಷ್ಟೊಂದು ಅಲಂಕಾರ ಇರಲ್ಲ. ಒಬ್ಬ ಯೋಧ, ನಾಲ್ಕು ಸಾಲು ಬರಹ, ಅಷ್ಟೇ. ಬಹಳಷ್ಟು ವೀರಗಲ್ಲುಗಳಲ್ಲಂತೂ ಬರಹವೇ ಇಲ್ಲ. ಚಿತ್ರ ಇದೆ, ಹೆಸರು ಹೋಗಿದೆ.

ಇನ್ನೊಂದು ವಿಷಯ. ವೀರಗಲ್ಲು ಅಂದರೆ ರಾಜರ ಯುದ್ಧಕ್ಕೆ ಮಾತ್ರ ಅಂತ ತಿಳಿದುಕೊಳ್ಳಬೇಡಿ. ದನ ಕದಿಯೋಕೆ ಬಂದವರ ಜೊತೆ ಹೋರಾಡಿ ಸತ್ತವನಿಗೂ ಕಲ್ಲು. ಅದನ್ನು ಶಾಸನಗಳು ‘ತುರುಗೊಳ್’ ಅಂತ ಕರೀತವೆ. ಊರನ್ನು ಹಾಳು ಮಾಡೋಕೆ ಬಂದವರನ್ನು ತಡೆದವನಿಗೂ ಕಲ್ಲು, ಅದು ‘ಊರಳಿವು’. ಹುಲಿ, ಹಂದಿ ಜೊತೆ ಕಾದಾಡಿ ಸತ್ತವನಿಗೂ ಕಲ್ಲು. ಅಂದರೆ ವೀರ ಅಂದರೆ ಯಾರು ಅನ್ನೋ ಪ್ರಶ್ನೆಗೆ ನಮ್ಮ ಹಳ್ಳಿಗಳ ಉತ್ತರ ಬಹಳ ಸರಳವಾಗಿತ್ತು. ಇನ್ನೊಬ್ಬರಿಗೋಸ್ಕರ ಸತ್ತವನು ವೀರ. ಅಷ್ಟೇ.

ಈಗ ಒಂದು ನಾಯಿಯ ಕಥೆ ಹೇಳ್ತೀನಿ. ನಗಬೇಡಿ, ಇದು ಇತಿಹಾಸ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಒಂದು ಊರಿದೆ. ಅಲ್ಲಿ ಸಿಕ್ಕ ಶಾಸನ ಈಗ ನಮ್ಮ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ತಕ್ಕೋಲ ಅನ್ನೋ ಜಾಗದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಘೋರ ಯುದ್ಧ. ರಾಜಾದಿತ್ಯ ಸತ್ತ. ಕೃಷ್ಣನ ಪರವಾಗಿ ಹೋರಾಡಿದ್ದು ಗಂಗರ ಬೂತುಗ. ಬೂತುಗನ ಕೈಕೆಳಗೆ ಮಣಲೇರ ಅನ್ನೋ ವೀರ ಇದ್ದ. ಅವನ ಪರಾಕ್ರಮ ನೋಡಿ ಏನು ಬೇಕೋ ಕೇಳು ಅಂದರು. ಮಣಲೇರ ಏನು ಕೇಳಿದ ಗೊತ್ತಾ? ಕಾಳಿ ಅನ್ನೋ ನಾಯಿಯನ್ನು ಕೇಳಿದ!

ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆ ನಾಯಿಗೆ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದರು. ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ. ಅದರ ಪೂಜೆಗೆ ಎರಡು ಖಂಡುಗ ಜಮೀನು ಬಿಟ್ಟರು. ಆ ಜಮೀನು ನೋಡಿಕೊಳ್ಳುವ ಗೊರವ, ಅಂದರೆ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಆ ನಾಯಿ ಮಾಡಿದ ಪಾಪ ಎಲ್ಲ ಅವನಿಗೇ ತಟ್ಟುತ್ತೆ ಅಂತ ಬರೆಸಿದರು.

ನಾನು ಓದಿದ್ದು ಎಂಜಿನಿಯರಿಂಗ್. ಈ ಸಾಲು ನೋಡಿದಾಗ ನನಗೆ ಕಂಡದ್ದು ಶಾಪ ಅಲ್ಲ, ಮೇಂಟೆನೆನ್ಸ್ ಕಾಂಟ್ರಾಕ್ಟ್! ಸ್ಮಾರಕ ಕಟ್ಟೋದು ಸುಲಭ. ಅದನ್ನು ನಾಳೆ ಯಾರು ನೋಡಿಕೊಳ್ತಾರೆ, ಅದಕ್ಕೆ ದುಡ್ಡು ಎಲ್ಲಿಂದ ಬರುತ್ತೆ, ನೋಡಿಕೊಳ್ಳದಿದ್ದರೆ ದಂಡ ಏನು? ಈ ಮೂರೂ ಪ್ರಶ್ನೆಗೆ ಹತ್ತನೇ ಶತಮಾನದ ಒಂದು ಹಳ್ಳಿ ಒಂದೇ ಕಲ್ಲಿನಲ್ಲಿ ಉತ್ತರ ಬರೆದಿಟ್ಟಿದೆ. ಇವತ್ತಿನ ನಮ್ಮ ಟೆಂಡರ್‌ಗಳಲ್ಲಿ ಇಷ್ಟು ಸ್ಪಷ್ಟತೆ ಇದೆಯಾ? ನೀವೇ ಹೇಳಿ.

ಸತ್ತವನ ಗೌರವಕ್ಕೆ ಕಲ್ಲು ಆಯ್ತು. ಬದುಕಿರುವವರ ಹೊಟ್ಟೆಗೆ? ಅದಕ್ಕೂ ನಮ್ಮ ಹಿರಿಯರ ಹತ್ತಿರ ಒಂದು ಪದ ಇತ್ತು: ನೆತ್ತರುಗೊಡಗೆ. ನೆತ್ತರು ಅಂದರೆ ರಕ್ತ, ಕೊಡಗೆ ಅಂದರೆ ಕೊಟ್ಟ ಜಮೀನು. ರಕ್ತ ಸುರಿಸಿದವನ ಮನೆಯವರಿಗೆ ಕೊಡುವ ಭೂಮಿ. ‘ಕಲ್ನಾಡು’ ಅನ್ನೋದೂ ಅದೇ ಜಾತಿಯ ದಾನ. ಬೇಗೂರಿನಲ್ಲಿ ಸಿಕ್ಕ ಒಂದು ದೊಡ್ಡ ವೀರಗಲ್ಲಿನಲ್ಲಿ, ಅದೂ ಈಗ ವಸ್ತುಸಂಗ್ರಹಾಲಯದಲ್ಲೇ ಇದೆ, ನಾಗತ್ತರ ಅನ್ನೋ ನಾಯಕ ಯುದ್ಧದಲ್ಲಿ ಸತ್ತಾಗ ಗಂಗರ ಎರೆಯಪ್ಪ ಇರುಗ ಅನ್ನುವವನಿಗೆ ನಾಗತ್ತರ ಪಟ್ಟ ಕಟ್ಟಿ ಬೇಗೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ವಿವರ ಇದೆ. ಅದೇ ಬೇಗೂರಿನ ಇನ್ನೊಂದು ಕಲ್ಲಿನಲ್ಲಿ ‘ಬೆಂಗಳೂರ ಕಾಳಗ’ದ ಮಾತು ಬರುತ್ತೆ. ಕಾಲ ಸುಮಾರು ಕ್ರಿ.ಶ. 890. ಬೆಂದ ಕಾಳಿನ ಕಥೆಯನ್ನು ಪಕ್ಕಕ್ಕಿಡಿ. ಬೆಂಗಳೂರು ಅನ್ನೋ ಹೆಸರು ನಮಗೆ ಮೊದಲು ಸಿಗೋದೇ ಯುದ್ಧದಲ್ಲಿ ಸತ್ತವನೊಬ್ಬನ ಕಲ್ಲಿನ ಮೇಲೆ. ಈ ಊರಿನ ಬರ್ತ್ ಸರ್ಟಿಫಿಕೇಟ್ ಒಂದು ಡೆತ್ ಸರ್ಟಿಫಿಕೇಟ್!

ಆದರೆ ಎಲ್ಲವನ್ನೂ ಹೊಗಳಿ ಕೂರೋದು ಇತಿಹಾಸ ಅಲ್ಲ. ವೀರಗಲ್ಲುಗಳ ಪಕ್ಕದಲ್ಲೇ ಇನ್ನೊಂದು ಥರದ ಕಲ್ಲು ಸಿಗುತ್ತೆ. ಒಂದು ಕಂಬದಿಂದ ಹೆಣ್ಣಿನ ಕೈ ಮೇಲಕ್ಕೆದ್ದಿರುತ್ತೆ. ಕೈ ತುಂಬ ಬಳೆ. ಅದು ಮಾಸ್ತಿಕಲ್ಲು. ಮಹಾಸತಿ ಅನ್ನೋದೇ ಮಾಸ್ತಿ ಆಯ್ತು. ಗಂಡ ಸತ್ತ, ಹೆಂಡತಿ ಚಿತೆ ಏರಿದಳು. ಅವನ ಹೆಸರು ಕಲ್ಲಿನಲ್ಲಿ ಉಳಿಯಿತು. ಬಹಳಷ್ಟು ಕಡೆ ಅವಳದ್ದು ಬರೀ ಒಂದು ಕೈ ಉಳಿಯಿತು. ಯುದ್ಧದ ಬೆಲೆ ಯಾರು ಯಾರು ಕಟ್ಟಿದರು ಅನ್ನೋದನ್ನ ಆ ಕೈ ಹೇಳುತ್ತೆ. ಅದನ್ನು ಮುಚ್ಚಿಟ್ಟು ನಾವು ವೀರರ ಜೈಕಾರ ಹಾಕೋಕೆ ಆಗಲ್ಲ.

ಈಗ ಸಾವಿರ ವರ್ಷ ಮುಂದೆ ಬರೋಣ. ಹೆಬ್ಬಾಳದಿಂದ ಆರ್‌.ಟಿ. ನಗರ ದಾಟಿ ಜೆ.ಸಿ. ನಗರದ ಕಡೆ ಬನ್ನಿ. ಅಲ್ಲೊಂದು ಕಲ್ಲಿನ ಸ್ತಂಭ ಇದೆ. ದಿನಾ ಸಾವಿರಾರು ಜನ ಅದರ ಪಕ್ಕದಲ್ಲಿ ಬೈಕ್ ಓಡಿಸ್ತಾರೆ. ಅದು ಮೈಸೂರು ಲ್ಯಾನ್ಸರ್ಸ್ ಸ್ಮಾರಕ. ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಹೋಯ್ತು. 1918ರ ಸೆಪ್ಟೆಂಬರ್ 23. ಹೈಫಾ ಪಟ್ಟಣ. ಎದುರಿಗೆ ತುರ್ಕಿ ಮತ್ತು ಜರ್ಮನ್ ಸೈನಿಕರು, ಮೆಷಿನ್ ಗನ್, ಫಿರಂಗಿ. ಇವರ ಕೈಯಲ್ಲಿ ಭರ್ಜಿ, ಕತ್ತಿ. ಜೋಧಪುರದ ಪಡೆ ಪಟ್ಟಣದತ್ತ ನುಗ್ಗಿತು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡೆಯಿಂದ ಏರಿ ಫಿರಂಗಿಗಳ ಬಾಯಿ ಮುಚ್ಚಿಸಿದರು. ಅದೇ ದಿನ ಹೈಫಾ ಕೈವಶ ಆಯ್ತು. ಭಾರತೀಯ ಸೇನೆ ಸೆಪ್ಟೆಂಬರ್ 23ನ್ನು ಹೈಫಾ ದಿನ ಅಂತ ಆಚರಿಸುತ್ತೆ. ದೆಹಲಿಯ ತೀನ್ ಮೂರ್ತಿ ಇದೆಯಲ್ಲ, ಆ ಮೂರು ಮೂರ್ತಿಗಳು ಹೈದರಾಬಾದ್, ಜೋಧಪುರ ಮತ್ತು ನಮ್ಮ ಮೈಸೂರಿನ ಕುದುರೆ ಪಡೆಗಳದ್ದು. 2018ರಲ್ಲಿ ಅದಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರು ಸೇರಿಸಿದರು.

ಮೊದಲ ಮಹಾಯುದ್ಧದಲ್ಲಿ 74 ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತರು. ದೆಹಲಿಯ ಇಂಡಿಯಾ ಗೇಟ್ ಮೇಲೆ ಸುಮಾರು 13 ಸಾವಿರ ಹೆಸರು ಕೆತ್ತಿದ್ದಾರೆ. ಅದೇ ಯುದ್ಧದ ಹೊತ್ತಿನಲ್ಲಿ, 1917ರಲ್ಲಿ, ಬ್ರಿಟಿಷರು ಸತ್ತ ಸೈನಿಕರ ಸಮಾಧಿ ನೋಡಿಕೊಳ್ಳೋಕೆ ಒಂದು ಆಯೋಗ ಮಾಡಿದರು. ಅದರ ತತ್ವ ಬಹಳ ದೊಡ್ಡದು: ಅಧಿಕಾರಿ ಆಗಲಿ ಸಿಪಾಯಿ ಆಗಲಿ, ಎಲ್ಲರಿಗೂ ಒಂದೇ ಗೌರವ, ಪ್ರತಿಯೊಬ್ಬನ ಹೆಸರೂ ಉಳಿಯಬೇಕು. ಆದರೆ ಆಚರಣೆಗೆ ಬಂದಾಗ? ಆಫ್ರಿಕಾ ಮತ್ತು ಏಷ್ಯಾದ ಎಷ್ಟೋ ಸೈನಿಕರ ಹೆಸರನ್ನು ಕೆತ್ತಲೇ ಇಲ್ಲ. ಅದಕ್ಕೆ ಆ ಆಯೋಗ 2021ರಲ್ಲಿ ಕ್ಷಮೆ ಕೇಳಿತು. ನೂರು ವರ್ಷ ಬೇಕಾಯ್ತು. ಈಗ ಹೆಬ್ಬಾಳದ ಆ ಕಲ್ಲನ್ನು ಇನ್ನೊಮ್ಮೆ ನೆನಪು ಮಾಡಿಕೊಳ್ಳಿ. ಒಬ್ಬ ಊರಿನ ಮನುಷ್ಯನ ಹೆಸರು ಬರೆಯೋಕೆ ಪೆರ್ಬೊಳಲ್‌ನ ಜನ ಯಾವ ಆಯೋಗಕ್ಕೂ ಕಾಯಲಿಲ್ಲ.

ಇವತ್ತು ಜಗತ್ತಿನಲ್ಲೆಲ್ಲ ನಡೆಯುವ ಗೌರವದ ಪದ್ಧತಿಗಳಲ್ಲಿ ಬಹಳಷ್ಟು ಹುಟ್ಟಿದ್ದು ಆ ಯುದ್ಧದ ನಂತರವೇ. ಎರಡು ನಿಮಿಷದ ಮೌನ ಶುರುವಾಗಿದ್ದು 1919ರ ನವೆಂಬರ್ 11ರಂದು, ಯುದ್ಧ ನಿಂತು ಒಂದು ವರ್ಷ ಆದಾಗ. ಬ್ರಿಟನ್‌ನಲ್ಲಿ ಎದೆಗೆ ಕೆಂಪು ಪಾಪಿ ಹೂವು ಸಿಕ್ಕಿಸಿಕೊಳ್ಳೋದು 1921ರಿಂದ ಬಂತು. ಯುದ್ಧ ನಡೆದ ಫ್ಲಾಂಡರ್ಸ್ ಬಯಲಿನಲ್ಲಿ ಆ ಹೂವು ಅರಳುತ್ತಿತ್ತು, ಅದಕ್ಕೆ. ನಮ್ಮಲ್ಲಿ ಯಾವ ಹೂವು? ಕೆಲವು ವರ್ಷಗಳ ಹಿಂದೆ ಚೆಂಡುಹೂವನ್ನು ನೆನಪಿನ ಸಂಕೇತ ಮಾಡೋಣ ಅನ್ನೋ ಪ್ರಸ್ತಾಪ ಬಂತು. ನಮಗೆ ಅದು ಹೊಸದೇನಲ್ಲ. ಹಳ್ಳಿಯಲ್ಲಿ ವೀರಗಲ್ಲಿಗೆ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಅದು ಯಾರ ಕಲ್ಲು ಅಂತ ಗೊತ್ತಿಲ್ಲದಿದ್ದರೂ ಕೈ ಮುಗಿಯುವ ಅಜ್ಜಿಯರು ಯಾವ ಪ್ರಸ್ತಾಪಕ್ಕೂ ಕಾದಿಲ್ಲ.

ತಲೆಕೆಳಗಾಗಿ ನೆಟ್ಟ ರೈಫಲ್, ಅದರ ಮೇಲೆ ಹೆಲ್ಮೆಟ್. ಇದು ರಣರಂಗದಿಂದ ಬಂದ ಗುರುತು. ಇಲ್ಲೊಬ್ಬ ಬಿದ್ದಿದ್ದಾನೆ ಅಂತ ತೋರಿಸೋಕೆ ಇಡ್ತಿದ್ದರು. ಬಾಂಗ್ಲಾ ಯುದ್ಧದ ನಂತರ, 1972ರ ಜನವರಿ 26ರಂದು, ಇಂಡಿಯಾ ಗೇಟ್ ಕೆಳಗೆ ಅಮರ ಜವಾನ್ ಜ್ಯೋತಿಯಾಗಿ ಅದು ದೇಶದ ಸಂಕೇತವಾಯ್ತು. 2019ರ ಫೆಬ್ರವರಿ 25ರಂದು ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆ ಆಯ್ತು. 2022ರ ಜನವರಿಯಲ್ಲಿ ಆ ಜ್ಯೋತಿಯನ್ನು ಅಲ್ಲಿನ ಜ್ಯೋತಿಯ ಜೊತೆ ಸೇರಿಸಿದರು. ಬೆಂಗಳೂರಿನಲ್ಲೂ ನೆಹರೂ ತಾರಾಲಯದ ಹತ್ತಿರ ರಾಷ್ಟ್ರೀಯ ಸೈನಿಕ ಸ್ಮಾರಕ ಇದೆ. ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟವರ ಹೆಸರುಗಳು ಅಲ್ಲಿವೆ. ಅಲ್ಲಿ ನಿಂತಿರುವ ಏಕಶಿಲೆಗೆ ಏನು ಹೆಸರು ಗೊತ್ತಾ? ವೀರಗಲ್ಲು. ನೂರಾರು ಟನ್ ತೂಕದ ಆ ಕಲ್ಲು ಬಂದಿದ್ದು ದೇವನಹಳ್ಳಿ ತಾಲ್ಲೂಕಿನ ಕೊಯಿರಾದಿಂದ. ಅಂದರೆ ನಮ್ಮ ಉತ್ತರ ದಿಕ್ಕಿನಿಂದಲೇ. ಸಾವಿರಾರು ಹೆಸರುಗಳ ಸ್ಮಾರಕಕ್ಕೂ ನಮ್ಮವರಿಗೆ ಹೊಳೆದದ್ದು ಕಿತ್ತಯ್ಯನ ಕಾಲದ ಅದೇ ಪದ!

ಮತ್ತೆ ಹೆಬ್ಬಾಳ. 2008ರ ನವೆಂಬರ್ 29. ಅವತ್ತಿನ ದೃಶ್ಯ ಟಿವಿಯಲ್ಲಿ ನೋಡಿದವರು ಮರೆತಿರಲ್ಲ. ಮುಂಬೈನ ತಾಜ್ ಹೋಟೆಲ್‌ನಲ್ಲಿ ಉಗ್ರರ ಜೊತೆ ಹೋರಾಡಿ ಹುತಾತ್ಮರಾದ ಎನ್‌ಎಸ್‌ಜಿ ಕಮಾಂಡೋ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಅಂತ್ಯಕ್ರಿಯೆ ನಡೆದಿದ್ದು ಇದೇ ಹೆಬ್ಬಾಳದ ಚಿತಾಗಾರದಲ್ಲಿ, ಸಕಲ ಸೇನಾ ಗೌರವದೊಂದಿಗೆ. ಬೆಂಗಳೂರು ರಸ್ತೆಗೆ ಬಂದಿತ್ತು. 2009ರ ಗಣರಾಜ್ಯೋತ್ಸವದಂದು ಅವರಿಗೆ ಅಶೋಕ ಚಕ್ರ ಬಂತು. ಯಲಹಂಕ ನ್ಯೂಟೌನ್‌ನ ಮುಖ್ಯ ರಸ್ತೆಗೆ ಅವರ ಹೆಸರಿಟ್ಟರು. ಇವತ್ತು ಆ ರಸ್ತೆಯ ಹೆಸರು ಅಂಗಡಿ ಬೋರ್ಡ್ ಮೇಲಿದೆ, ಕೊರಿಯರ್ ಅಡ್ರೆಸ್‌ನಲ್ಲಿದೆ, ಆಟೋದವರ ಬಾಯಲ್ಲಿದೆ. ಕೆಲವರಿಗೆ ಇದು ಬೇಸರ. ದೊಡ್ಡವರ ಹೆಸರು ಪಿಜ್ಜಾ ಡೆಲಿವರಿಗೆ ಬಳಸ್ತಾರೆ ಅಂತ. ನನಗೆ ಹಾಗನಿಸಲ್ಲ. ಹೆಸರು ಬದುಕಿರೋದು ಬಾಯಲ್ಲಿ. ದಿನಾ ಹೇಳಿದರೆ ತಾನೇ ಒಂದು ಮಗು ಅಪ್ಪನ್ನ ಕೇಳೋದು, ಯಾರಪ್ಪ ಈ ಸಂದೀಪ್ ಅಂತ? ಅಪ್ಪನಿಗೆ ಉತ್ತರ ಗೊತ್ತಿರಬೇಕು. ಅಷ್ಟು ಸಾಕು.

ಕಿತ್ತಯ್ಯನಿಂದ ಸಂದೀಪ್‌ವರೆಗೆ 1,250 ವರ್ಷಕ್ಕೂ ಹೆಚ್ಚು ಅಂತರ. ಜಾಗ ಒಂದೇ. ಊರು ತನ್ನವರನ್ನು ಬೀಳ್ಕೊಡುವ ರೀತಿಯೂ ಹೆಚ್ಚು ಬದಲಾಗಿಲ್ಲ.

ಹಾಗಾದರೆ ಸಮಸ್ಯೆ ಎಲ್ಲಿ? ಹೇಳ್ತೀನಿ. ಬೆಂಗಳೂರು ಬೆಳೆದ ರಭಸದಲ್ಲಿ ನಮ್ಮ ಶಾಸನಗಳಲ್ಲಿ, ವೀರಗಲ್ಲುಗಳಲ್ಲಿ ಬಹಳಷ್ಟು ಕಾಣೆಯಾಗಿವೆ. ಬಿ.ಎಲ್. ರೈಸ್ ಅವರು ಊರೂರು ಸುತ್ತಿಸಿ ಈ ಕಲ್ಲುಗಳ ಬರಹವನ್ನು ಸಂಗ್ರಹ ಮಾಡಿ, ಬೆಂಗಳೂರು ಜಿಲ್ಲೆಯ ಸಂಪುಟ ತಂದಿದ್ದು ನೂರು ವರ್ಷಕ್ಕೂ ಹಿಂದೆ. ಅವತ್ತು ಇದ್ದ ಕಲ್ಲು ಇವತ್ತು ಎಷ್ಟೋ ಕಡೆ ಇಲ್ಲ. ಒಂದು ಮನೆಯ ಪಾಯಕ್ಕೆ ಹೋಯ್ತು. ಇನ್ನೊಂದು ಬಟ್ಟೆ ಒಗೆಯೋ ಕಲ್ಲಾಯ್ತು. ಮತ್ತೊಂದರ ಮೇಲೆ ಲೇಔಟ್ ಎದ್ದಿತು. ನಿಧಿ ಇದೆ ಅಂತ ಕಲ್ಲು ಒಡೆದವರೂ ಇದ್ದಾರೆ. ನಿಧಿ ಆ ಕಲ್ಲೇ ಅಂತ ಅವರಿಗೆ ಹೇಳಿದವರು ಯಾರೂ ಇಲ್ಲ.

ಒಳ್ಳೆಯ ಸುದ್ದಿಯೂ ಇದೆ. ಇದೇ ಊರಿನ ಕೆಲವು ಸ್ವಯಂಸೇವಕರು, ಅದರಲ್ಲೂ ಎಂಜಿನಿಯರಿಂಗ್ ಓದಿದ ಪಿ.ಎಲ್. ಉದಯಕುಮಾರ್ ಮತ್ತು ಜೊತೆಗಾರರು, ಈ ಕಲ್ಲುಗಳನ್ನು ಹುಡುಕಿಕೊಂಡು ಬೀದಿಬೀದಿ ಸುತ್ತಿದರು. 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳ 3ಡಿ ಸ್ಕ್ಯಾನ್ ಕೆಲಸ ಕೈಗೆತ್ತಿಕೊಂಡಿತು. ಇದರಲ್ಲಿ ಏನು ವಿಶೇಷ? ಸಾವಿರ ವರ್ಷ ಮಳೆಬಿಸಿಲಿಗೆ ಸವೆದ ಅಕ್ಷರ ಫೋಟೋದಲ್ಲಿ ಕಾಣಲ್ಲ. ಸ್ಕ್ಯಾನರ್ ಬಣ್ಣ ನೋಡಲ್ಲ, ಆಳ ಅಳೆಯುತ್ತೆ. ಕಲ್ಲಿನ ಮೈಮೇಲಿನ ಲಕ್ಷಾಂತರ ಬಿಂದುಗಳನ್ನು ಅಳೆದು, ಉಗುರಿಗೂ ಸಿಗದ ತಗ್ಗನ್ನೂ ಕಂಪ್ಯೂಟರ್ ಪರದೆ ಮೇಲೆ ಅಕ್ಷರವಾಗಿ ಎಬ್ಬಿಸುತ್ತೆ. ನಾಳೆ ಆ ಕಲ್ಲಿಗೆ ಏನಾದರೂ ಆದರೂ ಅದರ ಮಾತು ಉಳಿಯುತ್ತೆ. ಹೆಬ್ಬಾಳದಲ್ಲಿ ಸ್ಥಳೀಯರೇ ಮುಂದೆ ಬಂದು ಕಿತ್ತಯ್ಯನ ಕಲ್ಲಿಗೆ ಮಂಟಪ ಕಟ್ಟೋಕೆ ಕೈಜೋಡಿಸಿದರು. ಮಣ್ಣಿನಡಿ ಸಿಕ್ಕ ವೀರ ಮತ್ತೆ ಊರಿನ ನಡುವೆ ನಿಂತ.

ಪ್ರತಿ ಸಲ ಒಬ್ಬ ಸೈನಿಕನ ಪಾರ್ಥಿವ ಶರೀರ ಊರಿಗೆ ಬಂದಾಗ ಕ್ಯಾಮೆರಾಗಳು ಬರ್ತವೆ, ನಾಯಕರು ಬರ್ತಾರೆ, ಭರವಸೆಗಳು ಬರ್ತವೆ. ನಿವೇಶನ ಕೊಡ್ತೀವಿ, ಕೆಲಸ ಕೊಡ್ತೀವಿ, ಪ್ರತಿಮೆ ನಿಲ್ಲಿಸ್ತೀವಿ. ಹದಿಮೂರನೇ ದಿನದ ಹೊತ್ತಿಗೆ ಎಷ್ಟು ಜನ ಆ ಮನೆ ಬಾಗಿಲಲ್ಲಿ ಇರ್ತಾರೆ? ವೀರಗಲ್ಲಿನ ಪದ್ಧತಿಯಲ್ಲಿ ಕೊಟ್ಟ ಮಾತನ್ನು ಕಲ್ಲಿನಲ್ಲೇ ಕೆತ್ತುತ್ತಿದ್ದರು, ಇಷ್ಟು ಜಮೀನು, ಇಂಥವರಿಗೆ, ಇಂಥಲ್ಲಿ ಅಂತ. ಊರೆಲ್ಲ ಓದುವ ಹಾಗೆ. ಕೊಟ್ಟ ಮಾತು ಫೈಲಿನಲ್ಲಿ ಕಳೆದುಹೋಗೋ ಹಾಗಿರಲಿಲ್ಲ. ಹುತಾತ್ಮರ ಕುಟುಂಬಕ್ಕೆ ಸರ್ಕಾರ ಕೊಟ್ಟ ಭರವಸೆ ಏನು, ಕೊಟ್ಟ ದಿನ ಯಾವುದು, ಈಡೇರಿದ ದಿನ ಯಾವುದು? ಇಷ್ಟನ್ನು ಜಿಲ್ಲಾಧಿಕಾರಿ ಕಚೇರಿಯ ಗೋಡೆ ಮೇಲೆ ಬರೆದು ಹಾಕಲಿ. ಕಲ್ಲೇ ಬೇಕಿಲ್ಲ, ಒಂದು ಬೋರ್ಡ್ ಸಾಕು.

ಇನ್ನು ನಮ್ಮ ಕೆಲಸ. ನಿಮ್ಮ ಏರಿಯಾದಲ್ಲಿ, ಯಲಹಂಕ ಇರಲಿ, ಯಶವಂತಪುರ ಇರಲಿ, ಖಾಲಿ ಸೈಟಿನಲ್ಲಿ, ಮೋರಿ ಪಕ್ಕದಲ್ಲಿ, ಅರಳಿಕಟ್ಟೆ ಕೆಳಗೆ ಚಿತ್ರ ಕೆತ್ತಿದ ಕಲ್ಲು ಕಂಡರೆ ದಯವಿಟ್ಟು ಸುಣ್ಣ ಬಳಿಯಬೇಡಿ, ಆಯಿಲ್ ಪೇಂಟ್ ಹೊಡೆಯಬೇಡಿ, ಸಿಮೆಂಟ್ ಹಾಕಿ ಗೋಡೆಗೆ ಸೇರಿಸಬೇಡಿ. ಇದ್ದ ಜಾಗದಲ್ಲೇ ಇರಲಿ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ, ನೆರಳಿನಲ್ಲಿ ಅಕ್ಷರ ಎದ್ದು ಕಾಣುತ್ತೆ. ಆಗ ಒಂದು ಫೋಟೋ ತೆಗೆದು ಪುರಾತತ್ವ ಇಲಾಖೆಗೋ, ಮಿಥಿಕ್ ಸೊಸೈಟಿಗೋ ತಿಳಿಸಿ. ನಿಮ್ಮ ಮಕ್ಕಳನ್ನು ಅದರ ಹತ್ತಿರ ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ಓದಿ ಹೇಳಿ. ಆ ಕಲ್ಲು ನಿಲ್ಲಿಸಿದವರು ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆದಿದ್ದಾರೆ. ಸೂರ್ಯಚಂದ್ರರು ಅವರ ಡ್ಯೂಟಿ ಸರಿಯಾಗಿ ಮಾಡ್ತಿದ್ದಾರೆ. ನಾವು ನಮ್ಮದನ್ನು ಮಾಡೋಣ.